ಅಟ್ಟೆಯ ಮಾತು ಅತ್ತೆಗೂ ತಿಳಿಯಬೇಕು

ಬೆಳಗಿನ ಐದೂ ಇಪ್ಪತ್ತು. ಮೂರನೇ ಮಹಡಿಯ ಆ ಮನೆಯಲ್ಲಿ ಅಡುಗೆಮನೆಯದನ್ನು ಬಿಟ್ಟರೆ ಊಟದ ಮೇಜಿನ ಮೇಲಿನ ದೀಪ ಒಂದೇ ಉರಿಯುತ್ತಿದೆ. ಮೇಜಿನ ತುದಿಯಲ್ಲಿ ಲ್ಯಾಪ್‌ಟಾಪು, ಗೆರೆ ಎಳೆದ ಉದ್ದನೆಯ ನೋಟುಪುಸ್ತಕ, ಮೊಂಡಾದ ಪೆನ್ಸಿಲು. ನಲವತ್ತಾರು ವರ್ಷದ ಹೆಂಗಸೊಬ್ಬರು ಎಐಗೆ ಪ್ರಶ್ನೆ ಕೇಳುತ್ತಿದ್ದಾರೆ. ಒಂದೇ ಪ್ರಶ್ನೆಯನ್ನು ಮೂರು ಸಲ; ಪ್ರತಿ ಸಲವೂ ಹೊಸ ಕಿಟಕಿ ತೆರೆದು, ಆಗಷ್ಟೇ ಮೊದಲ ಬಾರಿ ಕೇಳುತ್ತಿರುವವರ ಹಾಗೆ. ಉತ್ತರ ಬಂದೊಡನೆ ಪರದೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದುತ್ತಾರೆ. ನೋಟುಪುಸ್ತಕದಲ್ಲಿ ಸೊನ್ನೆ ಬರೆಯುತ್ತಾರೆ. ಸೊನ್ನೆ, ಸೊನ್ನೆ, ಮತ್ತೆ ಸೊನ್ನೆ.

ಹದಿನೇಳನೆಯ ಪ್ರಶ್ನೆ. ಮೂರನೆಯ ಸಲ. ಉತ್ತರದ ಎರಡನೇ ಸಾಲಿನಲ್ಲಿ ಒಂದು ಪಾದರಕ್ಷೆ ಕಾರ್ಯಾಗಾರದ ಹೆಸರು ಕಾಣಿಸುತ್ತದೆ. ಅವರ ಅಂಗೈ ಮೇಜಿಗೆ ಬಡಿಯುತ್ತದೆ.

"ಏನೇ ಅದು, ಹಲ್ಲಿ ಬಿತ್ತಾ?" ಅಡುಗೆಮನೆಯಿಂದ ಅತ್ತೆಯ ದನಿ.

"ಇಲ್ಲ ಅತ್ತೆ. ಚಪ್ಪಲಿ ಮೇಸ್ತ್ರಿ ಸಿಕ್ರು."

"ಕಳೆದುಹೋಗಿದ್ರಾ?"

"ಹ್ಞೂಂ. ಯಾವ ಕಾಲದಿಂದಲೋ."

ಆ ಹೆಂಗಸನ್ನು ಕಚೇರಿಯಲ್ಲಿ ಎಲ್ಲರೂ ಕರೆಯುವುದು ಜರಡಿ ಅಕ್ಕ ಎಂದು. ಅಂಗಡಿ, ಆಸ್ಪತ್ರೆ, ಶಾಲೆ, ಕಾರ್ಖಾನೆಗಳ ಜಾಲತಾಣಗಳಲ್ಲಿ ಬರೆದಿರುವುದನ್ನು ಸಾಲು ಬಿಡದೆ ಓದಿ, ಜರಡಿ ಹಿಡಿದು, ಎಐ ಉತ್ತರಗಳಲ್ಲಿ ಅವುಗಳ ಹೆಸರೇಕೆ ಬರುತ್ತಿಲ್ಲ ಎಂದು ಪತ್ತೆ ಮಾಡುವುದು ಅವರ ಕೆಲಸ. ಜನ ಈಗ ಪಕ್ಕದ ಮನೆಯವರನ್ನು ಕೇಳುವ ಮೊದಲು ಫೋನನ್ನು ಕೇಳುತ್ತಾರೆ. ಫೋನು ಹತ್ತು ಕೊಂಡಿಗಳನ್ನು ಕೊಟ್ಟು ಸುಮ್ಮನಾಗುತ್ತಿದ್ದ ಕಾಲ ಹೋಯಿತು. ಈಗ ಅದು ಒಂದೇ ಉತ್ತರವನ್ನು ತಾನೇ ಹೇಳುತ್ತದೆ. ಆ ಉತ್ತರದಲ್ಲಿ ಹೆಸರಿಲ್ಲದವರು ಕೇಳಿದವನ ಪಾಲಿಗೆ ಊರಲ್ಲೇ ಇಲ್ಲ.

ಮೊದಲು ಹನ್ನೆರಡು ವರ್ಷ ಜರಡಿ ಅಕ್ಕ ಒಂದು ಮುದ್ರಣಾಲಯದಲ್ಲಿದ್ದರು. ಔಷಧಿ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಕೂರುವ, ಇರುವೆಯಷ್ಟು ಸಣ್ಣ ಅಕ್ಷರದ ಕಾಗದಗಳ ಕರಡು ತಿದ್ದುತ್ತಿದ್ದರು. ಒಂದು ಚುಕ್ಕಿ ಆಚೀಚೆಯಾದರೆ ಅರ್ಧ ಮಾತ್ರೆ ಐದು ಮಾತ್ರೆಯಾಗುವ ಜಾಗ. ಒಂದು ದಿನ ತಿದ್ದುವ ಯಂತ್ರ ಬಂತು, ಹನ್ನೊಂದು ಜನ ಮನೆಗೆ ಹೋದರು. ಅವರಲ್ಲೊಬ್ಬರಾದ ಜರಡಿ ಅಕ್ಕ ಎರಡು ವರ್ಷ ಕೆಲಸವಿಲ್ಲದೆ ಕೂತರು. ಆಮೇಲೆ ಸಿಕ್ಕಿದ್ದು ಸೈಕಲ್ ಅಂಗಡಿಯ ಮೇಲಿನ ಈ ಐದು ಕುರ್ಚಿಯ ಕಚೇರಿ. ಅಲ್ಲಿನ ಮುಖ್ಯಸ್ಥನಿಗೆ ಇವರಿಗಿಂತ ಹದಿನಾಲ್ಕು ವರ್ಷ ಕಡಿಮೆ. ಕಿಟಕಿ ಪೂರ್ತಿ ಮುಚ್ಚುವುದಿಲ್ಲ. ಕೆಳಗೆ ಗಾಳಿ ಹೊಡೆಯುವ ಸದ್ದು ಇಡೀ ದಿನ ಮೇಲೆ ಬರುತ್ತದೆ. ಅಲ್ಲಿ ಅವರು ದಿನಕ್ಕೆ ಅರವತ್ತು ಪುಟ ಓದುತ್ತಾರೆ.

ಅದಕ್ಕೂ ಮುಂಚೆ, ಮನೆಯಲ್ಲಿ, ದಿನಕ್ಕೆ ನಲವತ್ತು ಪ್ರಶ್ನೆ. ಮೂರು ಸಲ ಎಂದರೆ ನೂರ ಇಪ್ಪತ್ತು. ಮೂರರಲ್ಲಿ ಒಂದು ಸಲ ಹೆಸರು ಬಂದರೂ ಆ ಪ್ರಶ್ನೆಗೆ ಒಂದು ಅಂಕ. ಮೂರು ಸಲ ಏಕೆಂದರೆ ಯಂತ್ರ ಒಂದೇ ಪ್ರಶ್ನೆಗೆ ಒಂದೊಂದು ಸಲ ಒಂದೊಂದು ಉತ್ತರ ಕೊಡುತ್ತದೆ. ಬೆಳಗಿನ ಐದಕ್ಕೇ ಏಕೆಂದರೆ ದಿನವೂ ಹೊತ್ತು ಬದಲಾಗಬಾರದು. ತಾವು ಮುಟ್ಟದೆ ಬಿಟ್ಟ ಬೇರೆ ಎರಡು ಅಂಗಡಿಗಳ ಬಗೆಗೂ ಹತ್ತು ಪ್ರಶ್ನೆ ಕೇಳಿ ಪಕ್ಕದ ಅಂಕಣದಲ್ಲಿ ಗುರುತು ಹಾಕುತ್ತಾರೆ. ಯಂತ್ರವೇ ಬದಲಾಯಿತೋ ತಮ್ಮ ತಿದ್ದುಪಡಿಯಿಂದ ಉತ್ತರ ಬದಲಾಯಿತೋ ಎಂದು ತಿಳಿಯಲು. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕಲಿಸುವ ಈ ಶಿಸ್ತನ್ನು ಹತ್ತನೇ ತರಗತಿ ಓದಿದ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಚಪ್ಪಲಿ ಮೇಸ್ತ್ರಿ ಈ ಕಚೇರಿಯ ಮೆಟ್ಟಿಲು ಹತ್ತಿ ಬಂದದ್ದು ಒಂದು ತಿಂಗಳ ಹಿಂದೆ. ಅರವತ್ತೆಂಟು ವರ್ಷ. ಒಂದು ಕಾಲು ಇನ್ನೊಂದಕ್ಕಿಂತ ಚಿಕ್ಕದಾಗಿರುವವರಿಗೆ ಅಳತೆ ನೋಡಿ, ಅಡಿಯಲ್ಲಿ ದಪ್ಪ ಅಟ್ಟೆಯಿರುವ ಪಾದರಕ್ಷೆ ಕಟ್ಟಿಕೊಡುವವರು. ಅವರ ಹೆಂಡತಿಯ ಬಲಗಾಲು ಹುಟ್ಟಿನಿಂದ ಒಂದಿಂಚು ಚಿಕ್ಕದು. ಮೊದಲ ಜೋಡಿ ಹೊಲಿದದ್ದು ಆಕೆಗೆ. ಕಾರ್ಯಾಗಾರದ ಗೋಡೆಯುದ್ದಕ್ಕೂ ಮರದ ಕಾಲಚ್ಚುಗಳಿವೆ. ಒಬ್ಬೊಬ್ಬರಿಗೆ ಒಂದೊಂದು ಜೋಡಿ, ಒಟ್ಟು ಇನ್ನೂರ ಹನ್ನೆರಡು. ಕಳೆದ ಎಂಟು ತಿಂಗಳಲ್ಲಿ ಒಂದೇ ಒಂದು ಹೊಸ ಅಚ್ಚು ಸೇರಿಲ್ಲ. ಇಂಥ ಪಾದರಕ್ಷೆ ಎಲ್ಲಿ ಸಿಗುತ್ತದೆ ಎಂದು ಎಐಯನ್ನು ಕೇಳಿದರೆ ಈ ಊರಲ್ಲಿ ಮಾಡುವವರಿಲ್ಲ, ದೂರದಿಂದ ತರಿಸಿಕೊಳ್ಳಿ ಅನ್ನುತ್ತಿತ್ತು. ಈ ತಿಂಗಳ ಕೊನೆಗೆ ಕಟ್ಟಡದ ಮಾಲೀಕರಿಗೆ ಇರುತ್ತೇನೋ ಬಿಡುತ್ತೇನೋ ಎಂದು ಮೇಸ್ತ್ರಿ ಮಾತು ಕೊಡಬೇಕು. ಬಿಟ್ಟರೆ ಅಚ್ಚುಗಳೆಲ್ಲ ಒಲೆಗೆ.

ಜರಡಿ ಅಕ್ಕ ಆ ಜಾಲತಾಣವನ್ನು ಮೊದಲು ಪರೀಕ್ಷೆ ಮಾಡಿದ್ದು ಮನೆಯಲ್ಲಿ. ಅವರದೊಂದು ಸ್ವಂತ ವಿಧಾನವಿದೆ: ಪುಟದ ಒಂದೊಂದು ವಾಕ್ಯವನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು, ತರಕಾರಿ ಹೆಚ್ಚುತ್ತಿರುವ ಅತ್ತೆಯ ಕೈಗೆ ಕೊಡುವುದು. ಇದು ಯಾರ ಬಗ್ಗೆ, ಯಾವ ವಿಷಯ ಎಂದು ಚೀಟಿಯೊಂದರಿಂದಲೇ ಅತ್ತೆ ಹೇಳಿದರೆ ವಾಕ್ಯ ಪಾಸು. ಮೇಸ್ತ್ರಿಯ ತಾಣದ ಮೊದಲ ಚೀಟಿಯಲ್ಲಿ "ನಾವು ಮೂವತ್ತು ವರ್ಷಗಳಿಂದ ಸೇವೆಯಲ್ಲಿದ್ದೇವೆ" ಎಂದಿತ್ತು. ಎರಡನೆಯದರಲ್ಲಿ "ನಮ್ಮಲ್ಲಿ ಎಲ್ಲ ಅಗತ್ಯಗಳಿಗೂ ಅತ್ಯುತ್ತಮ ಪರಿಹಾರವಿದೆ" ಎಂದಿತ್ತು.

ಅತ್ತೆ ಕನ್ನಡಕ ಏರಿಸಿ ಓದಿದರು. "ಯಾರೇ ಈ 'ನಾವು'? ಹೋದ ವಾರ ಆಸ್ಪತ್ರೆಯವ್ರ ಚೀಟೀಲೂ ಇವ್ರೇ ಬಂದಿದ್ರು. ಹೆಸರು ಹೇಳಲ್ಲ, ಬರೀ ಹೊಗಳ್ಕೋತಾರೆ."

ಮೂವತ್ತೊಂದು ಚೀಟಿಗಳಲ್ಲಿ ಪಾಸಾದದ್ದು ಎರಡು. ಅದರಲ್ಲೊಂದು ಅಟ್ಟೆಯ ದಪ್ಪದ ಕುರಿತದ್ದು. ಅದನ್ನೂ ಮೊದಲು ಅತ್ತೆಯ ದಪ್ಪ ಎಂದು ಓದಿಕೊಂಡು ಅವರು ಅರ್ಧ ಗಂಟೆ ಸೊಸೆಯ ಜೊತೆ ಮಾತು ಬಿಟ್ಟಿದ್ದರು.

ತಮಾಷೆಯಾಗಿ ಕಂಡರೂ ಅತ್ತೆ ಮಾಡುತ್ತಿರುವುದು ಹೆಚ್ಚುಕಡಿಮೆ ಯಂತ್ರದ ಕೆಲಸವನ್ನೇ. ಎಐ ಹುಡುಕಾಟ ಪುಟವನ್ನು ತುಂಡು ತುಂಡಾಗಿ ಓದಿ, ಪ್ರಶ್ನೆಗೆ ಹತ್ತಿರವಾದ ತುಂಡನ್ನು ಎತ್ತಿಕೊಳ್ಳುತ್ತದೆ. ಎತ್ತಿಕೊಂಡ ತುಂಡಿಗೆ ಅಂಗಡಿಯ ಬೋರ್ಡು ಅಂಟಿಕೊಂಡಿರುವುದಿಲ್ಲ. ಮೇಸ್ತ್ರಿಯ ತಾಣದಲ್ಲಿ ಹೆಸರಿದ್ದದ್ದು ಮೇಲಿನ ಚಿತ್ರದೊಳಗೆ ಮಾತ್ರ. ಅಳತೆಯ ಪಟ್ಟಿ, ತೆರೆದಿರುವ ದಿನಗಳು ಕೂಡ ಫೋಟೊದೊಳಗೆ, ಯಂತ್ರ ಸಾಮಾನ್ಯವಾಗಿ ಓದದ ಜಾಗದಲ್ಲಿ. ಕೆಳಗೆಲ್ಲ ನಾವು, ನಮ್ಮಲ್ಲಿ, ಇಲ್ಲಿ.

"ನಮ್ಮಮ್ಮ ಅಪ್ಪನ್ನ 'ಇವ್ರು' ಅಂತಲೇ ಅಂತಿದ್ರು," ಎನ್ನುತ್ತಾರೆ ಜರಡಿ ಅಕ್ಕ. "ಮನೇಲಿ ಎಲ್ರಿಗೂ ಗೊತ್ತಾಗ್ತಿತ್ತು. ಒಂದ್ಸಲ ಬಸ್ ನಿಲ್ದಾಣದ ಗುಂಪಲ್ಲಿ ಅಪ್ಪ ತಪ್ಪಿಸ್ಕೊಂಡ್ರು. ಅಮ್ಮ ಮೈಕ್ ಇಸ್ಕೊಂಡು 'ಇವ್ರೇ, ಬೇಗ ಬನ್ನಿ' ಅಂದ್ರು. ಒಂಬತ್ತು ಜನ ಗಂಡಸ್ರು ಬಂದ್ರು. ಅಪ್ಪ ಬರ್ಲಿಲ್ಲ."

ಹೆಸರನ್ನು ಸೇರಿಸುವುದು ಸುಲಭವಿತ್ತು. ಕಷ್ಟವಾದದ್ದು ಇನ್ನೊಂದು ಪದ. ಜನ ಹುಡುಕುವಾಗ ಏನೆಂದು ಬರೆಯುತ್ತಾರೆ ಎಂದು ತಿಳಿಯಲು ಜರಡಿ ಅಕ್ಕ ಪ್ರಶ್ನೆಗಳನ್ನು ಕಲೆಹಾಕಿದಾಗ ಅರ್ಧಕ್ಕರ್ಧ 'ಕುಂಟು' ಎಂಬುದರಿಂದ ಶುರುವಾಗುತ್ತಿದ್ದವು. ಪುಟದಲ್ಲಿ ಆ ಪದ ಎಲ್ಲೂ ಇಲ್ಲ. ಹತ್ತು ಕಡೆ ತುಂಬಿಬಿಡಿ ಎಂದು ಮುಖ್ಯಸ್ಥ ಹೇಳಿದ. ಅವರು ಆರು ಕಡೆ ತುಂಬಿದರು. ಕರಡನ್ನು ನೋಡಿದ ಮೇಸ್ತ್ರಿ ಅದನ್ನು ಮಡಿಸಿ ಮೇಜಿನ ಮೇಲಿಟ್ಟು ಎದ್ದರು.

"ಅಂಗಡಿ ಮುಚ್ಚಿದ್ರೂ ಪರವಾಗಿಲ್ಲ ತಂಗಿ," ಎಂದರು. "ಶಾಲೇಲಿ ನನ್ನ ಹೆಂಡತಿಗೆ ಅದೇ ಹೆಸರಾಗಿತ್ತು."

ಜರಡಿ ಅಕ್ಕ ಇದನ್ನು ಹೇಳುವಾಗ ತಪ್ಪನ್ನು ಯಾರ ತಲೆಗೂ ಕಟ್ಟುವುದಿಲ್ಲ. ಆ ಪದವನ್ನು ಟೈಪ್ ಮಾಡಿದ್ದು ತಮ್ಮದೇ ಕೈ ಎನ್ನುತ್ತಾರೆ. ಆ ದಿನ ಕಚೇರಿಯಲ್ಲಿ ಏನನ್ನೂ ಓದಲಿಲ್ಲವಂತೆ. ಮರುದಿನ ಬೆಳಿಗ್ಗೆ ಹಳೆಯ ನೋಟುಪುಸ್ತಕ ತಿರುವಿದಾಗ ಕಣ್ಣಿಗೆ ಬಿದ್ದದ್ದು ಒಂದು ಕಣ್ಣಿನ ಆಸ್ಪತ್ರೆಯ ಲೆಕ್ಕ. ಅಲ್ಲಿ ಜನ ಕೇಳಿದ ಪದವೇ ಬೇರೆ, ಪುಟದಲ್ಲಿದ್ದ ಪದವೇ ಬೇರೆ. ಆದರೂ ಉತ್ತರದಲ್ಲಿ ಆಸ್ಪತ್ರೆಯ ಹೆಸರು ಬಂದಿತ್ತು. ಒಂದಲ್ಲ, ಹದಿನಾಲ್ಕು ಸಲ. ಹಳೆಯ ಹುಡುಕಾಟ ಹೆಚ್ಚಾಗಿ ಪದಕ್ಕೆ ಪದ ಹೊಂದಿಸುತ್ತಿತ್ತು. ಹೊಸದು ಅರ್ಥಕ್ಕೆ ಅರ್ಥ ಹೊಂದಿಸುತ್ತದೆ. ಅರ್ಥ ಸ್ಪಷ್ಟವಾಗಿದ್ದರೆ, ಕೇಳುವವನ ಒರಟು ಪದ ಪುಟದಲ್ಲಿ ಇರಲೇಬೇಕಾಗಿಲ್ಲ. ಆ ಪದಗಳನ್ನು ತುರುಕುವುದು ಹಳೆಯ ಕಾಲದ ಅಭ್ಯಾಸ, ಕೈಗೆ ಅಂಟಿಕೊಂಡು ಬಂದದ್ದು.

ಅವರು ನೇರ ಕಾರ್ಯಾಗಾರಕ್ಕೆ ಹೋಗಿ, ಮೇಸ್ತ್ರಿಯ ಹೆಂಡತಿಯ ಎದುರು ಸ್ಟೂಲ್ ಎಳೆದು ಕೂತರು. ಗೊತ್ತಿಲ್ಲದವರಿಗೆ ನಿಮ್ಮ ಕಾಲಿನ ವಿಷಯ ಹೇಳಬೇಕಾದರೆ ಏನೆನ್ನುತ್ತೀರಿ ಎಂದು ಕೇಳಿದರು. ಆಕೆ ಹೇಳಿದ್ದನ್ನೇ ತಿದ್ದಿ ಪುಟದ ಮೊದಲಿಗೆ ಹಾಕಿದರು: ಒಂದು ಕಾಲು ಇನ್ನೊಂದಕ್ಕಿಂತ ಚಿಕ್ಕದಿದ್ದರೆ ಎಂಥ ಪಾದರಕ್ಷೆ ಬೇಕು? ಅದರಡಿಯಲ್ಲಿ ನಾಲ್ಕು ಸಾಲಿನ ಉತ್ತರ. ಕಾರ್ಯಾಗಾರದ ಹೆಸರು, ಕಾಲಿಂಚಿನಿಂದ ಮೂರಿಂಚಿನವರೆಗೆ ಅಟ್ಟೆ, ಎರಡು ಸಲ ಅಳತೆ, ಹನ್ನೆರಡು ದಿನದಲ್ಲಿ ತಯಾರು. 'ಅತ್ಯುತ್ತಮ' ಎಂಬುದನ್ನು ಏಳು ಕಡೆ ಹೊಡೆದು ಹಾಕಿದರು. ನಾಲ್ಕೂ ಚೀಟಿಗಳನ್ನು ಅತ್ತೆ ಒಂದೇ ಏಟಿಗೆ ಪಾಸು ಮಾಡಿದರು. ಜೊತೆಗೆ, ಅಳತೆ ಕೊಡಲು ತಾವೇ ಹೋಗಬಹುದೇ ಎಂದೂ ಕೇಳಿದರು.

ಪುಟ ಹೊರಬಿದ್ದ ಮೇಲೆ ಎಂಟು ದಿನ ನೋಟುಪುಸ್ತಕದ ತುಂಬ ಸೊನ್ನೆ. ಒಂಬತ್ತನೆಯ ಬೆಳಗು ಆ ಮೇಜಿನ ಬಡಿತ. ಅಂದು ನಲವತ್ತರಲ್ಲಿ ಒಂದು. ಮರುದಿನ ನಾಲ್ಕು. ಅದರ ಮರುದಿನ ಮೂರು. ಅತ್ತೆ, ಸೊಸೆ ಇಬ್ಬರ ಮುಖವೂ ಇಳಿಯಿತು. ಆಮೇಲೆ ಒಂಬತ್ತು, ಹದಿನಾಲ್ಕು, ಹತ್ತೊಂಬತ್ತು. ಮುಟ್ಟದ ಎರಡು ಅಂಗಡಿಗಳ ಅಂಕಣ ಮಿಸುಕಲಿಲ್ಲ. ಅತ್ತೆ ಈಗ ಐದಕ್ಕೇ ಎದ್ದು ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ, ಉತ್ತರ ಬರುವ ಮೊದಲೇ ಪರದೆಗೆ ಬಗ್ಗುತ್ತಾರೆ, ಬಗ್ಗಬೇಡಿ ಕಾಣಲ್ಲ ಎಂದು ಬೈಸಿಕೊಳ್ಳುತ್ತಾರೆ.

ತಿಂಗಳ ಕೊನೆಯ ದಿನ ನಲವತ್ತರಲ್ಲಿ ಇಪ್ಪತ್ಮೂರು. ಅದರಲ್ಲಿ ಹನ್ನೊಂದು ಆ ಒರಟು ಪದದಿಂದಲೇ ಶುರುವಾಗುವ ಪ್ರಶ್ನೆಗಳು. ಮಧ್ಯಾಹ್ನ ಮೇಸ್ತ್ರಿಯ ಫೋನು ಬರುತ್ತದೆ. ಸೈಕಲ್ ಅಂಗಡಿಯ ಸದ್ದಿಗೆ ಕೇಳಿಸದೆ ಜರಡಿ ಅಕ್ಕ ಮೆಟ್ಟಿಲ ತಿರುವಿಗೆ ಓಡುತ್ತಾರೆ. ಹತ್ತು ದಿನದಲ್ಲಿ ನಾಲ್ಕು ಹೊಸ ಅಚ್ಚುಗಳಿಗೆ ಅಳತೆ ತೆಗೆದಾಗಿದೆ. ಜಾಗ ಬಿಡುವುದಿಲ್ಲ ಎಂದು ಮಾಲೀಕರಿಗೆ ಹೇಳಿಯಾಯಿತು. ನಾಲ್ಕನೆಯವರು ಇವತ್ತು ಬೆಳಿಗ್ಗೆ ಬಂದ ಹೆಂಗಸು, ಮೂವತ್ತರ ಆಸುಪಾಸು, ಪಾರ್ಸೆಲ್ ತೂಗುವ ಕೆಲಸದವರು. ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ ಫೋನನ್ನೇ ತೋರಿಸಿದರಂತೆ. ಮೇಲೆ ಆಕೆ ತನ್ನ ಬಗ್ಗೆ ಕೇಳಿದ್ದ ಪ್ರಶ್ನೆ, ಅದೇ ಪದದಲ್ಲಿ. ಕೆಳಗೆ ಉತ್ತರ. ಆದರೆ ಒಳಗೆ ಕಾಲಿಟ್ಟಾಗ ಆಕೆ ಹೇಳಿದ ಮೊದಲ ಮಾತು, ನನ್ನ ಎಡಗಾಲು ಒಂದೂಕಾಲು ಇಂಚು ಚಿಕ್ಕದಿದೆ ಎಂದು.

ಜರಡಿ ಅಕ್ಕ ಇನ್ನೊಮ್ಮೆ ಹೇಳಿ ಎಂದು ಮೇಸ್ತ್ರಿಯನ್ನು ಕೇಳುತ್ತಾರೆ. ಮೇಸ್ತ್ರಿ ಇನ್ನೊಮ್ಮೆ ಹೇಳುತ್ತಾರೆ. ಫೋನಿಟ್ಟ ಮೇಲೂ ಅವರು ತಕ್ಷಣ ಮೇಲೆ ಹೋಗುವುದಿಲ್ಲ.

"ಮನೇಲಿ ಒಬ್ಬಳೇ ಕೂತು ಯಂತ್ರನ ಕೇಳೋವಾಗ ತನಗೆ ತಾನೇ ಆ ಪದ ಹಾಕ್ಕೊಂಡಿದ್ಲು," ಎನ್ನುತ್ತಾರೆ. "ಮೇಸ್ತ್ರಿ ಹತ್ರ ಬಂದು ಬಾಯಿ ಬಿಡೋ ಹೊತ್ತಿಗೆ ಅದಿರ್ಲಿಲ್ಲ. ಮಧ್ಯದಲ್ಲಿ ಅವಳು ಓದಿದ್ದು ನಾವು ಬರೆದ ನಾಲ್ಕೇ ಸಾಲು."