ಮರಳಿನ ಮೇಲೆ ನನಗೊಂದು ಪಾಲು

ಹೋದ ವರ್ಷ ದೀಪಾವಳಿಯ ಪಾಡ್ಯ ಮುಗಿಸಿಕೊಂಡು ಮರುದಿನ ಬೆಳಗಾಗುವ ಮೊದಲೇ ನಾವು ಮೂವರು ಕಲಬುರಗಿ ಬಿಟ್ಟೆವು. ಮೂವರು ಅಂದರೆ ನಾನು, ನನ್ನ ಹೆಂಡತಿ ಶರಣಮ್ಮ ಮತ್ತು ನಮ್ಮ ನಾಯಿ ಮೋತಿ. ಹೊರಟದ್ದು ಸಮುದ್ರ ನೋಡಲಿಕ್ಕೆ.

ಕಲಬುರಗಿಯ ಗಾಜಿಪುರದಲ್ಲಿ ನನ್ನದೊಂದು ವರ್ಕ್‌ಶಾಪ್ ಇದೆ. ಲಾರಿ, ಟೆಂಪೋಗಳಿಗೆ ಬಾಡಿ ಕಟ್ಟುವ ಕೆಲಸ. ಹುಟ್ಟಿದ್ದು ಅಲ್ಲೇ ಹತ್ತಿರದ ಕಮಲಾಪುರದಲ್ಲಿ. ಆರನೇ ಇಯತ್ತೆ ಅರ್ಧಕ್ಕೆ ಬಿಟ್ಟು ವೆಲ್ಡಿಂಗ್ ಕಲಿತೆ. ಯಾರ ಮುಂದೆಯೂ ಕೈ ಚಾಚದೆ ಮನೆ ಕಟ್ಟಿದೆ, ಮಗಳ ಮದುವೆ ಮಾಡಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಇಷ್ಟು ವರ್ಷದಲ್ಲಿ ಹೆಂಡತಿಯನ್ನು ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಕೇಳಿದಾಗಲೆಲ್ಲ ಕೆಲಸ ಇದೆ ಅನ್ನುತ್ತಿದ್ದೆ. ಮಗಳು ಗಂಡನ ಮನೆಗೆ ಹೋದ ಮೇಲೆ ಆ ನೆಪವೂ ಹಳತಾಯಿತು. ಶರಣಮ್ಮನದು ಒಂದೇ ಕರಾರು, ಮೋತಿಯನ್ನು ಬಿಟ್ಟು ಬರುವುದಿಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಒಂದು ಲಾರಿಯ ಕೆಳಗೆ ಸಿಕ್ಕ ಮರಿ ಅದು, ಅವಳ ಕೈತುತ್ತಿನಲ್ಲೇ ಬೆಳೆದದ್ದು. ನಾಯಿಗೆ ಯಾವ ಲಾಡ್ಜಿನವರು ರೂಮು ಕೊಡುತ್ತಾರೆ? ಹಾಗಾಗಿ ಮನೆಯನ್ನೇ ಗಾಲಿಯ ಮೇಲೆ ಕಟ್ಟಿಬಿಡೋಣ ಅಂದುಕೊಂಡೆ.

ಗುಜರಿಗೆ ಬಂದಿದ್ದ ಒಂದು ಹಳೆಯ ಸ್ಕೂಲ್ ವ್ಯಾನ್ ಸಿಕ್ಕಿತು. ಸಂಜೆ ಗಿರಾಕಿಗಳ ಕೆಲಸ ಮುಗಿದ ಮೇಲೆ ಅದಕ್ಕೆ ಕೈ ಹಚ್ಚುತ್ತಿದ್ದೆ. ಮಡಚುವ ಮಂಚ, ನೀರಿನ ಟಾಕಿ, ಗ್ಯಾಸ್ ಒಲೆ ಇಡಲು ಕಟ್ಟೆ, ಮೋತಿಗೆ ಕಿಟಕಿಯ ಹತ್ತಿರ ಒಂದು ಹಲಗೆ. ಒಂದು ಬೋಲ್ಟನ್ನೂ ಬೇರೆಯವರ ಕೈಯಲ್ಲಿ ಬಿಗಿಸಲಿಲ್ಲ. ಬಣ್ಣ ಮಾತ್ರ ಹಳದಿಯೇ ಉಳಿಯಿತು. ಪಕ್ಕದ ಶೆಡ್ಡಿನ ಪೇಂಟರ್ ಖಾಜಾ ಭಾಯಿ ಬಂದು ಹೋದವರಿಗೆಲ್ಲ ತೋರಿಸುತ್ತಿದ್ದ. “ಸಾಲಿ ಬಿಟ್ಟು ಓಡಿದ ಮನಷ್ಯಾಗ ನೋಡ್ರಿ, ಕಡೀಕ ಸಾಲಿ ಗಾಡ್ಯಾಗೇ ಬಂದು ಕುಂತಾನ.”

ಹುಬ್ಬಳ್ಳಿ ಮೇಲಿಂದ ಘಟ್ಟ ಇಳಿದೆವು. ಅಂಕೋಲಾ, ಕುಮಟಾ, ಹೊನ್ನಾವರ ದಾಟಿ ದಂಡೆಯ ರಸ್ತೆ ಹಿಡಿದಾಗ ಒಂದು ಕಡೆ ತೆಂಗು, ಇನ್ನೊಂದು ಕಡೆ ನೀರು. ಮೋತಿ ತನ್ನ ಹಲಗೆಯ ಮೇಲೆ ಕುಳಿತು ಮೂಗು ಹೊರಗೆ ಚಾಚಿತ್ತು. ಶರಣಮ್ಮ ಅದರ ಪಕ್ಕ ಕಿಟಕಿಗೆ ಮುಖವಿಟ್ಟು ನೋಡುತ್ತಿದ್ದಳು. ಆಮೇಲೆ ಅಂದಳು, “ಇಷ್ಟು ನೀರು ಒಂದೇ ಕಡಿ ಇಟ್ಟಾನಲ್ರಿ ದೇವರು. ನಮ್ಮ ಕಡಿ ನಾಕು ಕೊಡ ಚೆಲ್ಲಿದ್ರ ಏನಾಗ್ತಿತ್ತು ಅವಗ.”

ಮರುದಿನ ಮುಂಜಾನೆ ಬೈಂದೂರು ದಾಟಿದ ಮೇಲೆ ಒಂದು ಸಣ್ಣ ಊರಿನ ದಂಡೆಗೆ ಗಾಡಿ ಇಳಿಸಿದೆ. ನೀರು ಎಲ್ಲೋ ದೂರದಲ್ಲಿತ್ತು. ಮೇಲಿನ ಒಣ ಮರಳು ಸಡಿಲ, ಗಾಲಿ ಹೂತುಕೊಳ್ಳುತ್ತದೆ ಅಂತ ಕಾಲಿಟ್ಟ ಕೂಡಲೇ ಗೊತ್ತಾಯಿತು. ಕೆಳಗಿನ ಒದ್ದೆ ಮರಳನ್ನು ಹಿಮ್ಮಡಿಯಿಂದ ಕುಟ್ಟಿ ನೋಡಿದೆ. ರಸ್ತೆಗೆ ಮುರುಮ್ ಹಾಕಿ ರೋಲರ್ ಓಡಿಸಿದ ಹಾಗೆ ಗಟ್ಟಿ. ಗಾಡಿ ನಿಲ್ಲಿಸಲು ಇದಕ್ಕಿಂತ ಒಳ್ಳೆಯ ನೆಲ ಬೇಕೇ? ಒಣ ಮರಳನ್ನು ವೇಗದಲ್ಲಿ ದಾಟಿಸಿ ಅಲ್ಲೇ ನಿಲ್ಲಿಸಿದೆ. ನಮ್ಮ ಕಡೆ ಕೆರೆಯ ನೀರು ನಿಂತಲ್ಲೇ ನಿಂತಿರುತ್ತದೆ, ಬೇಸಿಗೆಗೆ ಇಳಿಯುತ್ತದೆ, ಮಳೆಗೆ ಏರುತ್ತದೆ. ದಿನಕ್ಕೆರಡು ಸಲ ಏರಿ ಇಳಿಯುವ ನೀರನ್ನು ನಾನು ಕಂಡವನೇ ಅಲ್ಲ.

ಶರಣಮ್ಮ ಉಪ್ಪಿಟ್ಟು ಮಾಡಿದಳು. ತಿಂದು, ಅಲೆಯಲ್ಲಿ ಕಾಲು ತೋಯಿಸಿಕೊಂಡು, ನೆರಳಲ್ಲಿ ಕುಳಿತು ಮಧ್ಯಾಹ್ನ ಮಾಡಿದೆವು. ಆಗಲೂ ನೀರು ಗಾಡಿಯಿಂದ ಆಚೆಗೇ ಇತ್ತು. ಊರ ನಾಯಿಗಳು ಮೋತಿಯನ್ನು ಅಟ್ಟಿಸಿಕೊಂಡು ಬಂದವು ಅಂತ ಅದನ್ನು ಒಳಗೆ ಬಿಟ್ಟು, ಕಿಟಕಿ ಸ್ವಲ್ಪ ತೆರೆದು, ಬಾಗಿಲು ಹಾಕಿದೆ. ಇಬ್ಬರೂ ದೂರದ ಬಂಡೆಗಳ ಕಡೆ ನಡೆದೆವು. ಶರಣಮ್ಮ ಕಪ್ಪೆಚಿಪ್ಪು ಆರಿಸುತ್ತ ಕುಳಿತಳು. ಮದುವೆಯಾದ ಹೊಸದರಲ್ಲೂ ಅವಳನ್ನು ಅಷ್ಟು ಖುಷಿಯಲ್ಲಿ ನೋಡಿದ ನೆನಪಿಲ್ಲ. ಹಾಗಾಗಿ ಏಳು ಅನ್ನಲು ಮನಸ್ಸಾಗಲಿಲ್ಲ.

ತಿರುಗಿ ಬರುವಾಗ ದೂರದಿಂದ ಕಂಡದ್ದು ಏನೆಂದರೆ, ನಮ್ಮ ಹಳದಿ ಗಾಡಿ ಸಮುದ್ರದೊಳಗೆ ನಿಂತಿದೆ. ಸುತ್ತ ನೀರು. ಬ್ರೇಕ್ ಬಿಟ್ಟುಕೊಂಡು ಗಾಡಿ ಕೆಳಗೆ ಉರುಳಿದೆ ಅಂತಲೇ ತಿಳಿದೆ. ಹ್ಯಾಂಡ್ ಬ್ರೇಕ್ ಎಳೆದಿದ್ದೆ, ಗೇರಿನಲ್ಲೂ ಇಟ್ಟಿದ್ದೆ ಅಂತ ಗಟ್ಟಿಯಾಗಿ ಹೇಳುತ್ತ ಓಡಿದೆ.

“ಗಾಡಿ ಅಲ್ಲೇ ಅದ ರೀ,” ಹಿಂದಿನಿಂದ ಶರಣಮ್ಮ ಅಂದಳು. “ಸಮುದ್ರ ಬಂದದ.”

ಹತ್ತಿರ ಹೋದಾಗ ನೀರು ಮೊಣಕಾಲಿಗಿತ್ತು. ಮೋತಿ ಕಿಟಕಿಗೆ ಎರಡೂ ಮುಂಗಾಲು ಕೊಟ್ಟು ನಿಂತಿತ್ತು. ಬೊಗಳುತ್ತಿರಲಿಲ್ಲ, ನಡುಗುತ್ತಿತ್ತು. ಶರಣಮ್ಮ ಬಾಗಿಲು ತೆಗೆದು ಅದನ್ನು ಎದೆಗವಚಿಕೊಂಡು ದಂಡೆಗೆ ಒಯ್ದಳು. ನಾನು ಸ್ಟಾರ್ಟ್ ಮಾಡಿ ರಿವರ್ಸ್ ಹಾಕಿದೆ. ಗಾಲಿ ತಿರುಗಿತು, ಗಾಡಿ ಅಲುಗಲಿಲ್ಲ. ಇನ್ನೊಂದು ಸಲ ರೇಸ್ ಕೊಟ್ಟರೆ ಇನ್ನಷ್ಟು ಹೂತುಕೊಳ್ಳುತ್ತದೆ ಅಂತ ಗೊತ್ತಿದ್ದರಿಂದ ಎಂಜಿನ್ ಆರಿಸಿ ಇಳಿದೆ. ಒಂದೊಂದು ಅಲೆ ಹಿಂದೆ ಸರಿಯುವಾಗಲೂ ಗಾಲಿಯ ಬುಡದ ಮರಳನ್ನು ಎಳೆದುಕೊಂಡು ಹೋಗುತ್ತಿತ್ತು. ಮುಂಜಾನೆ ಕಲ್ಲಿನಂತಿದ್ದ ನೆಲ ಈಗ ರಾಡಿಯಾಗಿತ್ತು.

ಸ್ವಲ್ಪ ದೂರದಲ್ಲಿ ಮೀನುಗಾರರು ಬಲೆ ಎಳೆಯುತ್ತಿದ್ದರು. ಕೈರಂಪಣಿ ಅನ್ನುತ್ತಾರೆ ಅದಕ್ಕೆ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧ ಸುತ್ತು ಬಿಟ್ಟು, ಅದರ ಎರಡೂ ತುದಿಯ ಹಗ್ಗ ಹಿಡಿದು ಎರಡು ಸಾಲಿನ ಜನ ದಂಡೆಗೆ ಎಳೆಯುತ್ತಾರೆ. ಶರಣಮ್ಮ ಅವರ ಕಡೆ ಕೈ ತೋರಿಸಿದಳು. “ಕರೀರಿ ಅವರಿಗಿ.”

ನನ್ನಿಂದ ಆಗಲಿಲ್ಲ. ಇದನ್ನು ಹೇಗೆ ಬರೆಯಲಿ? ಕಮಲಾಪುರದ ದಾರಿಯಲ್ಲಿ, ಹುಮನಾಬಾದ್ ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತವರೆಲ್ಲ ನನಗೆ ಫೋನ್ ಮಾಡುತ್ತಾರೆ. ನಾನು ಹೋಗಿ ಎಳೆದು ತರುತ್ತೇನೆ. ಎಳೆಯುವವನು ನಾನು. ಸಿಕ್ಕಿಬಿದ್ದವನಾಗಿ ನಿಂತು ಕೂಗುವುದು ಹೇಗೆ ಅಂತ ನನಗೆ ತಿಳಿಯಲೇ ಇಲ್ಲ. ಸುಮ್ಮನೆ ನೀರಲ್ಲಿ ನಿಂತೆ.

“ನಿಮ್ಮ ನಾಲಿಗಿಗೂ ಹ್ಯಾಂಡ್ ಬ್ರೇಕ್ ಹಾಕೀರೇನು?” ಅಂದಳು.

ಅಷ್ಟರಲ್ಲಿ ಒಂದು ದೊಡ್ಡ ಅಲೆ ಬಂದು ಗಾಡಿಯ ಹಿಂಭಾಗವನ್ನು ಎತ್ತಿ ಒಗೆಯಿತು. ಒಳಗೆ ನಾನು ಮಾಡಿದ ಮಂಚದ ಹಲಗೆ ಕಿರ್ರೆಂದಿತು. ಆ ಸದ್ದು ಕೇಳಿದ ಮೇಲೆ ನನ್ನ ಬಾಯಿ ತಾನೇ ತೆರೆಯಿತು. ಅಣ್ಣಾ ಅಂತ ಕೂಗಿದೆ. ದಂಡೆಗೆಲ್ಲ ಕೇಳಿಸಿತು.

ಅವರಲ್ಲಿ ಮುಖ್ಯಸ್ಥನಿಗೆ ತಾಂಡೇಲ ಅನ್ನುತ್ತಾರೆ. ಮಂಜಣ್ಣ ಅಂತ ಹೆಸರು, ನನಗಿಂತ ಹಿರಿಯರು. ಒಮ್ಮೆ ಬಲೆಯ ಕಡೆ ನೋಡಿದರು, ಒಮ್ಮೆ ನನ್ನ ಗಾಡಿಯ ಕಡೆ. ಏನೋ ಹೇಳಿದರು. ಎಳೆಯುವುದು ನಿಂತಿತು. ಕೆಲವರು ಬಲೆಯ ಹಗ್ಗಗಳನ್ನು ಗಾಳಿಮರದ ಬುಡಗಳಿಗೆ ಸುತ್ತಿ ಕಾಯುತ್ತ ನಿಂತರು. ಉಳಿದವರೆಲ್ಲ ಇನ್ನೊಂದು ಹಗ್ಗ ಹೊತ್ತು ನನ್ನ ಕಡೆ ಓಡಿ ಬಂದರು.

“ಎಂತ ಮಾರಾಯ್ರೆ, ಇದನ್ನ ಕೆರೆ ಅಂದ್ಕಂಡ್ರ್ಯಾ?” ಮಂಜಣ್ಣ ನಗುತ್ತಲೇ ಕೇಳಿದರು. ಹೌದು ಅನ್ನದೆ ಬೇರೆ ದಾರಿ ಇರಲಿಲ್ಲ. ಬೆಳಗಿನಿಂದ ಅವರೆಲ್ಲ ನಮ್ಮನ್ನು ನೋಡಿದ್ದರಂತೆ. ಈಗ ಹೋಗುತ್ತಾರೆ, ಇನ್ನೇನು ಹೋಗುತ್ತಾರೆ ಅಂದುಕೊಂಡಿದ್ದರಂತೆ. ಅಮಾವಾಸ್ಯೆ ಕಳೆದ ಈ ದಿನಗಳಲ್ಲಿ ನೀರಿನ ಏರಿಕೆ ಹೆಚ್ಚು ಅಂತ ಆಮೇಲೆ ತಿಳಿಸಿದರು.

ನಿಮ್ಮ ಬಲೆಯ ಗತಿ ಏನು ಅಂತ ಕೇಳಿದೆ. “ಮೀನ್ ನಾಳೆಗೂ ಸಿಕ್ಕತ್ತ್. ನಿಮ್ ಗಾಡಿ ನಾಳೆಗೆ ಸಿಕ್ಕುದಿಲ್ಲ,” ಅಂದರು.

ಬಂಪರಿಗೆ ಕಟ್ಟಿದರೆ ಕಿತ್ತು ಬರುತ್ತದೆ ಅಂತ ನಾನೇ ಉಪ್ಪು ನೀರಲ್ಲಿ ಮುಳುಗಿ ಗಾಡಿಯ ತಳದ ಚಾಸಿಗೆ ಹಗ್ಗ ಬಿಗಿದೆ. ಎದ್ದು ಬಂದು ಎಳೀರಿ ಅಂದೆ. ಮಂಜಣ್ಣ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಸಮುದ್ರ ತಾನೇ ಎತ್ತಿ ಕೊಡುತ್ತದೆ, ಆಗ ಎಳೆಯಬೇಕು ಅಂದರು. ದೊಡ್ಡ ಅಲೆಗೆ ಕಾದರು. ಅಲೆ ಬಂತು, ಗಾಡಿ ಹಗುರಾಗಿ ಮೇಲೆದ್ದಿತು, ಅವರು ಒಂದೇ ದನಿಯಲ್ಲಿ ಐಸಾ ಅಂದರು. ಒಂದು ಗಾಲಿಯಷ್ಟು ಬಂತು. ಮತ್ತೆ ಕಾದರು. ಮತ್ತೆ ಎಳೆದರು. ನಾನೂ ಹಗ್ಗ ಹಿಡಿದಿದ್ದೆ. ಶರಣಮ್ಮ ಮೋತಿಯನ್ನು ಮರಕ್ಕೆ ಕಟ್ಟಿ, ಸೆರಗು ಸಿಕ್ಕಿಸಿಕೊಂಡು ಬಂದು ಕೊನೆಯಲ್ಲಿ ನಿಂತಿದ್ದಳು. ಗಾಡಿ ಒಣ ಮರಳಿಗೆ ಬಂದು ನಿಂತಾಗ ಅದರ ಹೊಟ್ಟೆಯಿಂದ ಕೊಡಗಟ್ಟಲೆ ನೀರು ಸುರಿಯುತ್ತಿತ್ತು.

ಆಮೇಲೆ ಅವರು ತಮ್ಮ ಬಲೆ ಎಳೆದರು. ಹಗ್ಗ ಸಡಿಲಾದಾಗ ಮೀನು ತಪ್ಪಿಸಿಕೊಂಡಿತ್ತು. ತಳದಲ್ಲಿ ಒಂದು ಬುಟ್ಟಿಯೂ ತುಂಬದಷ್ಟು ಸಣ್ಣ ಮೀನು. ಮಾರಲು ಒಯ್ಯಬೇಕೆಂದು ಕಾದಿದ್ದ ಹೆಂಗಸರು ಖಾಲಿ ಬುಟ್ಟಿ ಎತ್ತಿಕೊಂಡು ಹೋದರು. ಒಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಕೊಡಲು ಹೋದ ನೋಟುಗಳನ್ನು ಮಂಜಣ್ಣ ನೋಡಲೂ ಇಲ್ಲ. ಶರಣಮ್ಮ ಗಾಡಿಯಿಂದ ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣಿನ ಗೊನೆ ತಂದು ಎಲ್ಲರಿಗೂ ಹಂಚಿದಳು, ಅದನ್ನು ಮಾತ್ರ ತಿಂದರು. ನನ್ನ ಮುಖ ನೋಡಿ ಮಂಜಣ್ಣ ಹೇಳಿದರು, “ಅಷ್ಟ್ ಬೇಜಾರಿದ್ರೆ ನಾಳೆ ಬೆಳಿಗ್ಗೆ ಬಲೆ ಎಳೂಕೆ ಬನ್ನಿ. ನಮ್ಗೆ ಜನ ಕಮ್ಮಿ.”

ರಾತ್ರಿ ಅಲ್ಲೇ ಗಾಡಿಯಲ್ಲಿ ಕಳೆದು, ಮರುದಿನ ಬೆಳಗಾಗುತ್ತಲೇ ಹೋದೆವು. ಮೂವತ್ತು ವರ್ಷ ಕಬ್ಬಿಣ ಹಿಡಿದ ಕೈ ನನ್ನದು, ಆದರೂ ಆ ಒದ್ದೆ ಹಗ್ಗಕ್ಕೆ ಅಂಗೈ ಸುಲಿಯಿತು. ಮೋತಿ ನಮ್ಮ ಸಾಲಿನ ಉದ್ದಕ್ಕೂ ಹಿಂದೆ ಮುಂದೆ ಓಡುತ್ತ, ಯಾರು ಸರಿಯಾಗಿ ಎಳೆಯುತ್ತಿಲ್ಲ ಅಂತ ತಪಾಸಣೆ ಮಾಡುವ ಹಾಗೆ ಬೊಗಳುತ್ತಿತ್ತು. ಬಲೆ ದಂಡೆಗೆ ಬಂದಾಗ ಬೆಳ್ಳಿ ಕಾಯಿಸಿ ಸುರಿದ ಹಾಗೆ ಮೀನು.

ಹಂಚುವ ಕ್ರಮ ಅಲ್ಲಿಯೇ ನೋಡಿದೆ. ಬಲೆಗೆ, ದೋಣಿಗೆ ಅಂತ ತೆಗೆದಿಟ್ಟ ಮೇಲೆ ಉಳಿದದ್ದನ್ನು ಮರಳಿನ ಮೇಲೆ ಗುಡ್ಡೆ ಗುಡ್ಡೆಯಾಗಿ ಇಡುತ್ತಾರೆ. ಹಗ್ಗ ಹಿಡಿದವರಿಗೆಲ್ಲ ಒಂದೊಂದು ಪಾಲು. ಮಂಜಣ್ಣ ನನ್ನ ಮುಂದೊಂದು ಗುಡ್ಡೆ ಇಟ್ಟರು, ಶರಣಮ್ಮನ ಮುಂದೆ ಇನ್ನೊಂದು. ನಾನು ಕೈ ಮುಗಿದು, ನಾವು ಮೀನು ತಿನ್ನುವವರಲ್ಲ, ನಿನ್ನೆಯ ಋಣ ತೀರಿಸಲು ಬಂದದ್ದು, ಇದು ಬೇಡ ಅಂದೆ.

ಅವರು ನಗಲಿಲ್ಲ. “ತಿಂಬುದ್ ಬಿಡೂದ್ ನಿಮಗೆ ಬಿಟ್ಟದ್ದ್. ಎಳ್ದವ್ರ ಪಾಲ್ ನಾವ್ ಇಟ್ಕಂಬುಕಾಗ.”

ಎರಡೂ ಪಾಲು ತೆಗೆದುಕೊಂಡೆವು. ಹಿಂದಿನ ದಿನ ಖಾಲಿ ಬುಟ್ಟಿ ಒಯ್ದಿದ್ದ ಹೆಂಗಸರನ್ನು ಶರಣಮ್ಮ ಹುಡುಕಿ, ಮೂಗಿಗೆ ಸೆರಗು ಹಿಡಿದುಕೊಂಡೇ ತನ್ನ ಕೈಯಿಂದ ಅವರ ಬುಟ್ಟಿಗೆ ಹಾಕಿದಳು. ಅವರಲ್ಲೊಬ್ಬಾಕೆ ಒಂದಿಷ್ಟನ್ನು ಮನೆಗೊಯ್ದು ಬೇಯಿಸಿ, ಮುಳ್ಳು ತೆಗೆದು, ಬಾಳೆಲೆಯಲ್ಲಿ ಮೋತಿಗೆ ತಂದುಕೊಟ್ಟಳು. ಜೋಳದ ರೊಟ್ಟಿ, ಮೊಸರು ಬಿಟ್ಟು ಬೇರೆ ಕಾಣದ ನಾಯಿ ಎಲೆಯನ್ನೂ ನೆಕ್ಕಿ ನೆಕ್ಕಿ ಹರಿಯಿತು. ಶರಣಮ್ಮ ಮುಖ ಆಚೆ ತಿರುಗಿಸಿ ನಗುತ್ತಿದ್ದಳು.

ಕಲಬುರಗಿಗೆ ಬಂದು ಗಾಡಿಯ ತಳ ಬಿಚ್ಚಿ, ಉಪ್ಪು ಹಿಡಿದಲ್ಲೆಲ್ಲ ಉಜ್ಜಿ ಹೊಸ ತಗಡು ಹಾಕಿದೆ. ನನ್ನ ಕೂಲಿಯನ್ನು ನಾನು ಯಾವತ್ತೂ ಕೇಳಿಯೇ, ಜಗ್ಗಾಡಿಯೇ ತೆಗೆದುಕೊಂಡವನು. ಕೇಳದೆ, ಬೇಡ ಅಂದರೂ ಬಿಡದೆ, ಇದು ನಿನ್ನದು ಅಂತ ಒಬ್ಬರು ನನ್ನ ಮುಂದೆ ಇಟ್ಟದ್ದು ಅದೊಂದೇ ಸಲ.

ಮೊನ್ನೆ ಮೋತಿಯನ್ನು ಕರೆದುಕೊಂಡು ಕಮಲಾಪುರಕ್ಕೆ ಹೋಗುವಾಗ ರಸ್ತೆ ಬದಿಯ ಹಸಿ ಮಣ್ಣಿನಲ್ಲಿ ಒಂದು ಟ್ರ್ಯಾಕ್ಟರ್ ಹೂತು ನಿಂತಿತ್ತು. ಅದರ ಯಜಮಾನ ಆಕಾಶ ನೋಡುತ್ತ ನಿಂತಿದ್ದ. ಏನಾಯಿತು ಅಂತ ಕೇಳಿದೆ. “ಏನಿಲ್ರಿ, ಎಂಜಿನ್ ತಣ್ಣಗಾಗ್ಲಿ ಅಂತ ಸುಮ್ನ ನಿಂತೀನಿ,” ಅಂದ. ಮೊದಲಾಗಿದ್ದರೆ ಆಯ್ತು ಬಿಡಪ್ಪ ಅಂತ ಮುಂದೆ ಹೋಗುತ್ತಿದ್ದೆ. ಆ ದನಿ ಎಂಥದ್ದು ಅಂತ ಈಗ ನನಗೆ ಗೊತ್ತು. ಅವನು ಕೇಳಲಿ ಅಂತ ಕಾಯದೆ ಗಾಡಿಯಿಂದ ಹಗ್ಗ ಇಳಿಸಿದೆ.