ಒಂಬತ್ತು ಗಂಟೆ ಐವತ್ತೆರಡು ನಿಮಿಷ

ನಂಬಲಿಕ್ಕೆ ಆಗುತ್ತಿಲ್ಲ...
ನನ್ನ ಕಣ್ಣೆದುರೇ ನಡೆದದ್ದು. ಆದರೂ ನಂಬಲಿಕ್ಕೆ ಆಗುತ್ತಿಲ್ಲ.

ಬೆಳಗಿನಿಂದ ಎಲ್ಲರೂ ಮೆಸೇಜ್ ಮಾಡುತ್ತಿದ್ದೀರಿ, ಸುದ್ದಿ ನಿಜವಾ ಎಂದು.
ನಿಜ.
ನಮ್ಮ ಸುಧಾಕರಣ್ಣ ಹೋಗಿಬಿಟ್ಟರು.

ಮಣಿಪಾಲದ ಮ್ಯೂಸಿಯಂಗೆ ಭಾನುವಾರ ಬಂದವರಿಗೆಲ್ಲ ಅವರ ಗುರುತಿದೆ.
ಅಂಗಳದಲ್ಲಿ ಟೆಲಿಸ್ಕೋಪ್ ಇಟ್ಟು, ಬಿಳಿ ಕಾಗದದ ಮೇಲೆ ಸೂರ್ಯನ ಬಿಂಬ ಬೀಳಿಸಿ, ಅದರ ಕಲೆಗಳನ್ನು ತೋರಿಸುತ್ತಿದ್ದ ಕಾಪುವಿನ ಆ ದಪ್ಪ ಮೀಸೆಯವರು.
ಕಸುಬಿನಲ್ಲಿ ಬೋಟ್ ಎಂಜಿನ್ ಮೆಕ್ಯಾನಿಕ್. ಆಕಾಶದ ಪಾಠಕ್ಕೆ ಒಂದು ರೂಪಾಯಿ ಮುಟ್ಟಿದವರಲ್ಲ.
ಯಾರಾದರೂ ಜಾತಕದ ಸುದ್ದಿ ಎತ್ತಿದರೆ ಮುಗಿಯಿತು...
"ಅದಕ್ಕೆ ಬೇರೆ ಅಂಗಡಿ ಉಂಟು. ಇಲ್ಲಿ ಬರೀ ಆಕಾಶ."

ಕಾರ್ಕಳದಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿರುವ ನಾನು ಏಳು ವರ್ಷಗಳಿಂದ ಅವರ ಅಸಿಸ್ಟೆಂಟ್.
ಕೆಲಸ ಒಂದೇ. ಕಾಗದದ ಮೇಲೆ ಕಲೆಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡುವುದು, ಪಕ್ಕದಲ್ಲಿ ಸಮಯ ಬರೆಯುವುದು.
ಮೊದಲ ವಾರ "ಸುಮಾರು ಹತ್ತು ಗಂಟೆ" ಎಂದು ಬರೆದಿದ್ದೆ.
"ಸುಮಾರು ಅಂದ್ರೆ ಎಂತದು ಮಾರಾಯ? ಗಡಿಯಾರ ನೋಡ್ಲಿಕ್ಕೆ ನಿಂಗೆ ಎಂತ ಕಷ್ಟ?"
ಆಮೇಲೆ ನಾನು ಸುಮಾರು ಎಂದದ್ದೇ ಇಲ್ಲ.

ಇವತ್ತೂ ಹಾಗೆಯೇ ಶುರುವಾಗಿತ್ತು.
ಒಂದು ಕುಟುಂಬಕ್ಕೆ ವಿವರಿಸುತ್ತಿದ್ದರು... ಮಾತು ನಿಂತಿತು... ಕುಳಿತಲ್ಲಿಂದ ಜಾರಿದರು.
ಎದೆ ಒತ್ತಿದೆ. ಕೈ ಸೋಲುವವರೆಗೂ ಒತ್ತಿದೆ. ಆಂಬುಲೆನ್ಸ್ ಕೂಡ ಬೇಗನೇ ಬಂತು.
ಮತ್ತೆ ಉಸಿರು ಬರಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಜೇಬಿನಿಂದ ಮೊಬೈಲ್ ತೆಗೆಯುವಾಗ ಆ ಕಾಗದವೂ ಬಂತು.
ಸೂರ್ಯನ ಪಕ್ಕದಲ್ಲಿ ನನ್ನದೇ ಅಕ್ಷರ. 9.52.
ಅವರು ಜಾರಿದ ಕೂಡಲೇ ಕೈ ತನ್ನಷ್ಟಕ್ಕೆ ಬರೆದುಬಿಟ್ಟಿತ್ತು.

ಸುಧಾಕರಣ್ಣ, ಇನ್ನು ನಿಮಗೇ ಹೇಳುತ್ತೇನೆ. ನನಗೆ ಬೇರೆ ಯಾರ ಹತ್ತಿರ ಹೇಳಬೇಕೆಂದು ಗೊತ್ತಾಗುತ್ತಿಲ್ಲ.

ಮಧ್ಯಾಹ್ನ ನಿಮ್ಮನ್ನು ಕಾಪುವಿನ ಮನೆಗೆ ತಂದೆವು.
ಅಂಗಳದಲ್ಲಿ ಜನ. ನಿಮ್ಮ ದೊಡ್ಡಣ್ಣ ನನ್ನ ಹತ್ತಿರ ಬಂದು ಕೇಳಿದರು.
"ಆಸ್ಪತ್ರೆಯವರು ಹತ್ತೂ ಇಪ್ಪತ್ತು ಅಂತ ಬರ್ದಿದ್ದಾರೆ. ಜೀವ ಹೋದದ್ದು ಅದಕ್ಕಿಂತ ಮುಂಚೆಯೇ ಅಲ್ವಾ? ಒಂಬತ್ತೂವರೆ ಆಗಿರ್ಬಹುದಾ?"
ನಾನೊಬ್ಬ ಪೆದ್ದ...
"ಇಲ್ಲ, ಒಂಬತ್ತು ಐವತ್ತೆರಡು" ಎಂದೆ.
"ಸರಿ ನೆನಪುಂಟಾ ನಿಮಗೆ?"
ಜೇಬಿನಿಂದ ಕಾಗದ ತೆಗೆದು ತೋರಿಸಿಯೇ ಬಿಟ್ಟೆ! ಎಲ್ಲರೆದುರು!

ಅವರ ಕೈಯಲ್ಲಿ ಪಂಚಾಂಗ ಇದ್ದದ್ದು ನನಗೆ ಆಮೇಲೆ ಕಂಡಿತು.
ಶ್ರವಣ ನಕ್ಷತ್ರ ಇದ್ದದ್ದು ಒಂಬತ್ತು ನಲವತ್ತಾರರವರೆಗೆ. ಅಲ್ಲಿಂದ ಧನಿಷ್ಠಾ.
ಧನಿಷ್ಠಾದಲ್ಲಿ ಸಾವಾದರೆ ಆ ಮನೆಗೆ ಆರು ತಿಂಗಳು ಬೀಗ ಹಾಕಬೇಕಂತೆ. ಒಲೆ ಹಚ್ಚಬಾರದು, ದೀಪ ಇಡಬಾರದು, ಯಾರೂ ಇರಬಾರದು.
"ಆರೇ ಆರು ನಿಮಿಷ ಮಾರಾಯ್ರೆ..." ಎಂದರು ನಿಮ್ಮ ಅಣ್ಣ. ಅವರ ಕಣ್ಣಲ್ಲಿ ನೀರಿತ್ತು.
ಪಾಪ, ಅವರು ತಮ್ಮನ ಹೆಂಡತಿ ಸುಮತಿ ಅಕ್ಕನಿಗೆ ಒಂದು ದಾರಿ ಹುಡುಕುತ್ತಿದ್ದರು. ಇದ್ದ ದಾರಿಗೆ ನಾನು ಅಡ್ಡ ನಿಂತೆ.

ವಾದ ಮಾಡಿದೆ ಸುಧಾಕರಣ್ಣ, ಮಾಡಲಿಲ್ಲವೆಂದಲ್ಲ.
ನಿಮ್ಮ ಹಾಗೆಯೇ ಹೇಳಿದೆ. ಚಂದ್ರ ಇಲ್ಲೇ ಇದ್ದಾನೆ, ಆ ನಕ್ಷತ್ರಗಳು ಎಷ್ಟೋ ಹಿಂದೆ ಇವೆ, ಒಂದಕ್ಕೊಂದು ಸಂಬಂಧವೇ ಇಲ್ಲ ಎಂದು.
ಮ್ಯೂಸಿಯಂ ಅಂಗಳದಲ್ಲಿ ಈ ಮಾತಿಗೆ ಜನ ತಲೆದೂಗುತ್ತಾರೆ. ಇಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.
ನಿಮ್ಮ ಅಣ್ಣ ಮೆಲ್ಲಗೆ ಹೇಳಿದರು, "ನಂಗೂ ಗೊತ್ತುಂಟು. ಆದ್ರೆ ನಾಳೆ ಕುಟುಂಬದಲ್ಲಿ ಒಂದು ಮಗುವಿಗೆ ಜ್ವರ ಬಂದ್ರೂ ಎಲ್ಲರ ಬಾಯಿಗೆ ಬೀಳುವುದು ಸುಮತಿಯೇ."
ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ. ಅದಕ್ಕೆ ನಿಮ್ಮ ಹತ್ತಿರ ಉತ್ತರ ಇರುತ್ತಿತ್ತಾ?

ಸುಮತಿ ಅಕ್ಕನ ಟೈಲರಿಂಗ್ ಅಂಗಡಿ ಆ ಮನೆಯ ಮುಂದಿನ ಕೋಣೆಯೇ ಅಲ್ವಾ...
ಉತ್ತರಕ್ರಿಯೆ ಮುಗಿದ ಕೂಡಲೇ ಅವರನ್ನು ಕೆಮ್ಮಣ್ಣಿಗೆ, ಅವರ ತಮ್ಮನ ಮನೆಗೆ ಕಳಿಸುವುದೆಂದು ತೀರ್ಮಾನವಾಗಿದೆ. ಅಲ್ಲಿ ಮೆಷಿನ್ ಇಡಲಿಕ್ಕೆ ಜಾಗವಿಲ್ಲ.
ಕಾಪುವಿನ ಹೆಂಗಸರು ಒಂದು ಬ್ಲೌಸಿಗಾಗಿ ಅಷ್ಟು ದೂರ ಹೋಗುವುದೂ ಇಲ್ಲ.
ಈಗಲೇ ಇಬ್ಬರು ಕೊಟ್ಟ ಬಟ್ಟೆ ವಾಪಸ್ ಕೇಳಿಯಾಯಿತು. ಆಗ ನೀವಿನ್ನೂ ಚಾವಡಿಯಲ್ಲಿ ಮಲಗಿದ್ದಿರಿ.

ಸಂಜೆ ಎಲ್ಲ ಮುಗಿಯಿತು.
ಉಳಿದವರು ಹೊರಟರು. ನನಗೆ ಎದ್ದು ಹೋಗಲಿಕ್ಕೆ ಆಗುತ್ತಿಲ್ಲ, ಇಲ್ಲಿ ಕೂರಲಿಕ್ಕೂ ಆಗುತ್ತಿಲ್ಲ. ನಿಮ್ಮದೇ ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಇದನ್ನು ಟೈಪ್ ಮಾಡುತ್ತಿದ್ದೇನೆ.
ಸತ್ಯ ಹೇಳಿದ್ದೇನೆ ಎಂಬ ಸಮಾಧಾನ ಇರಬೇಕಿತ್ತು... ಇಲ್ಲ. ಕಾಗದ ಹರಿದರೂ ಇನ್ನು ಪ್ರಯೋಜನವಿಲ್ಲ, ಎಲ್ಲರೂ ನೋಡಿಯಾಗಿದೆ.

ಸ್ವಲ್ಪ ಹೊತ್ತಿನ ಮೊದಲು ಸುಮತಿ ಅಕ್ಕ ಬಾಗಿಲ ಹತ್ತಿರ ಬಂದರು.
ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.
ಬಾಗಿಲ ಚೌಕಟ್ಟು ಹಿಡಿದುಕೊಂಡು ಇಷ್ಟೇ ಕೇಳಿದರು.
"ಒಂದು ಸಲ... ಮರ್ತು ಹೋಯ್ತು ಅಂತ ಹೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?"

ಆಗಲಿಲ್ಲ ಅಕ್ಕ... ಆಗಲಿಲ್ಲ.

ಹೋಗಿ ಬನ್ನಿ ಸುಧಾಕರಣ್ಣ.
ನಿಮ್ಮ ಜೀವ ತಣ್ಣಗಿರಲಿ. ನಿಮ್ಮ ಮನೆಯ ಬಾಗಿಲು ಬೇಗ ತೆರೆಯಲಿ.
ನನ್ನನ್ನು ಕ್ಷಮಿಸಿ. 🙏