ಅಳಿಸಿದ ಸಾಲು

ಸಮೀಕ್ಷೆಯ ಅಂಕಿಗಳನ್ನು ಓದುವುದನ್ನು ನಾನು ಆಗಷ್ಟೇ ಕಲಿಯುತ್ತಿದ್ದೆ. ವಯಸ್ಸಾದವರ ಕೈಯಲ್ಲಿ ಹಿಡಿಕೆಯಂಥ ಯಂತ್ರವೊಂದನ್ನು ಒತ್ತಿಸಿ, ಹಿಡಿತದ ಬಲ ಬರೆದುಕೊಂಡ ಪಟ್ಟಿ ನನ್ನ ಮುಂದಿತ್ತು. ನಿಂಬರ್ಗಾದ ಎಪ್ಪತ್ತು ದಾಟಿದ ಅಜ್ಜಿಯೊಬ್ಬರ ಅಂಕಿ ಊರಿನ ಗಂಡಸರನ್ನೆಲ್ಲ ಮೀರಿಸಿತ್ತು. ಯಂತ್ರ ಕೆಟ್ಟಿರಬೇಕೆಂದು ಆ ಸಾಲನ್ನೇ ಅಳಿಸಿದೆ. ಕಲಿಸುತ್ತಿದ್ದ ಮೇಡಂ ಬೈಯಲಿಲ್ಲ. "ಅಳಸೂಕಿಂತ ಮೊದ್ಲ ಹೋಗಿ ನೋಡಿ ಬಾ" ಎಂದು ಅದೇ ಯಂತ್ರ ಕೊಟ್ಟು ಕಳಿಸಿದರು.

ಅಜ್ಜಿ ಬಾಗಿಲಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದರು.

"ಅವತ್ತ ಒತ್ತೇನಲ್ಲ ತಂಗಿ, ಮತ್ಯಾಕ?"

"ನಿಮ್ದು ಭಾಳ ಜಾಸ್ತಿ ಬಂದದರಿ ಆಯಿ. ಮಷೀನ್ ಕೆಟ್ಟಿತ್ತೇನೋ ಅಂತ..."

"ಕೊಡಿಲ್ಲಿ" ಎಂದು ಕಸಿದುಕೊಂಡು ಒತ್ತಿದರು. ಮೊದಲಿಗಿಂತ ಹೆಚ್ಚೇ ಬಂತು.

ಅಷ್ಟರಲ್ಲಿ ಒಳಗಿಂದ ಅವರ ಗಂಡ ನರಳುವುದು ಕೇಳಿತು.

"ಲಕ್ವಾ ಹೊಡದು ಆರು ವರ್ಷ ಆತು. ಬಾ, ಕಾಲ ಹಿಡಿ" ಎಂದು ಒಳಗೆ ನಡೆದರು. ಬಗಲಿಗೆ ಕೈಹಾಕಿ ಒಂದೇ ಸಲಕ್ಕೆ ಗಂಡನನ್ನೆತ್ತಿ ಗೋಡೆಗೆ ಒರಗಿಸಿದರು. ನಾನು ಹಿಡಿದಿದ್ದ ಕಾಲು ನಡುವೆಯೇ ಜಾರಿತು.

"ದಿನಕ್ಕ ಎಷ್ಟ್ ಸಲ ಎತ್ತತೀರಿ?"

"ಅದನ್ಯಾರು ಎಣಸ್ತಾರವ್ವ? ನಿಮ್ಮ ಹಾಳ್ಯಾಗೂ ಅದನ್ನ ಕೇಳಿರಲಿಲ್ಲಲ್ಲ."

ಕೇಳಿರಲಿಲ್ಲ. ನಮ್ಮ ಪ್ರಶ್ನೆಗಳಲ್ಲಿ ಅಜ್ಜಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದಷ್ಟೇ ಇತ್ತು.

ಆ ಸಾಲನ್ನು ಅಂದೇ ಮರಳಿ ಸೇರಿಸಿದೆ. ಅದಕ್ಕೂ ಮುಂಚೆ, ವಾಪಸು ಬರುವಾಗ ಬಸ್ಸಿನಲ್ಲಿ ಯಾರಿಗೂ ಕಾಣದಂತೆ ನಾನೂ ಒಮ್ಮೆ ಯಂತ್ರ ಒತ್ತಿ ನೋಡಿದ್ದೆ. ಅಜ್ಜಿಯದರ ಅರ್ಧಕ್ಕಿಂತ ತುಸುವೇ ಮೇಲೆ. ಇಂಥ ಅಂಕಿಯನ್ನು ಮಾತ್ರ ಯಾರೂ ತಪ್ಪೆಂದು ಅಳಿಸುವುದಿಲ್ಲ.